ಕಡ್ಡಿ ಹಿಡಿದು ಕೂತವರು

ಬೆಂಗಳೂರಿನಲ್ಲಿ ಕೂತು ಸ್ವೆಟರ್ ಹೆಣೆಯುವವರನ್ನು ಯಾಕೆ ಅಂತ ಕೇಳಬಾರದು. ಈ ಊರಿನ ದಾಖಲೆ ಚಳಿಯೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಡಿಸೆಂಬರ್ ಬಂತೆಂದರೆ ರಸ್ತೆ ಬದಿಯಲ್ಲಿ ಟಿಬೆಟನ್ನರು ಲುಧಿಯಾನದ ಮಾಲು ರಾಶಿ ಹಾಕಿ ಕೂರುತ್ತಾರೆ. ನಾನು ಬರೀ ದಾರಕ್ಕೆ ಕೊಡುವ ದುಡ್ಡಿಗೆ ಅಲ್ಲಿ ತೋಳು, ಕಾಲರು, ಜಿಪ್ಪು ಸಮೇತ ಸಿಗುತ್ತದೆ. ಲೆಕ್ಕ ಬಲ್ಲವರು ಕಡ್ಡಿ ಹಿಡಿಯುವುದಿಲ್ಲ ಅನ್ನುತ್ತಾರೆ. ನಾನು ಹಿಡಿದಿದ್ದೇನೆ, ಲೆಕ್ಕವೂ ಚೆನ್ನಾಗಿಯೇ ಬರುತ್ತದೆ.

ಹೆಂಗಸೊಬ್ಬಳು ಮನೆಯಲ್ಲಿ ಸುಮ್ಮನೆ ಕೂತಿದ್ದರೆ ಅವಳಿಗೆ ಮೈ ಸರಿಯಿಲ್ಲ ಅಂತ ಅರ್ಥ. ಪುಸ್ತಕ ಹಿಡಿದು ಕೂತರೆ ಪುರುಸೊತ್ತಾಗಿದ್ದಾಳೆ ಅಂತ ಅರ್ಥ, "ಒಂದು ಲೋಟ ಕಾಫಿ..." ಎಂಬ ರಾಗ ಎರಡನೇ ಪುಟ ತಿರುಗುವ ಮುಂಚೆ ಕೇಳುತ್ತದೆ. ಫೋನ್ ಹಿಡಿದು ಕೂತರಂತೂ ಮುಗಿಯಿತು. ಅದೇ ಕೈಯಲ್ಲಿ ಎರಡು ಕಡ್ಡಿ, ಮಡಿಲಲ್ಲಿ ಉಲ್ಲನ್ ಉಂಡೆ ಇರಲಿ, ಕೇಳಲು ಬಂದವರು ಬಾಗಿಲಲ್ಲೇ ತಡೆದು ನಿಲ್ಲುತ್ತಾರೆ. "ಈ ಸಾಲು ಮುಗಿಸಿ ಬಂದೆ" ಅಂದರೆ ನಮ್ಮ ಅತ್ತೆಯವರೂ ತಲೆಯಾಡಿಸುತ್ತಾರೆ. ಸಾಲು ಎಷ್ಟುದ್ದ ಅಂತ ಯಾರಿಗೂ ಗೊತ್ತಿಲ್ಲ. ನಡುವೆ ಎದ್ದರೆ ಕುಣಿಕೆ ಜಾರುತ್ತದೆ, ಒಂದು ಜಾರಿದರೆ ಅದರ ಕೆಳಗಿನವೂ ಸರಸರನೆ ಬಿಚ್ಚಿಕೊಳ್ಳುತ್ತವೆ ಎಂಬ ಭಯ ಮಾತ್ರ ಎಲ್ಲರಿಗೂ ಇದೆ. (ಸಾಲಿನ ಮಧ್ಯೆಯೂ ಕಡ್ಡಿ ಕೆಳಗಿಡಬಹುದು. ಇದನ್ನು ನಮ್ಮ ಮನೆಗೆ ಬಂದಾಗ ಹೇಳಬೇಡಿ.) ಅಷ್ಟಕ್ಕೂ ಬಿಡದವರು ಬಂದರೆ ಗಟ್ಟಿಯಾಗಿ "ನಲವತ್ತೇಳು, ನಲವತ್ತೆಂಟು" ಅಂತ ಎಣಿಸಿದರಾಯಿತು.

ಕಡ್ಡಿಯ ನಂಬರುಗಳದ್ದೂ ಒಂದು ತಮಾಷೆ. ನಮ್ಮ ಅಂಗಡಿಗಳಲ್ಲಿ ಇನ್ನೂ ಇಂಗ್ಲಿಷರ ಹಳೆಯ ಕ್ರಮವೇ ನಡೆಯುತ್ತದೆ. ಅದರಲ್ಲಿ ಸಂಖ್ಯೆ ಏರಿದಷ್ಟೂ ಕಡ್ಡಿ ಸಪೂರ: 8 ಅಂದರೆ 4 ಮಿಲಿಮೀಟರ್, 12 ಅಂದರೆ 2.75. ಅಂಚಿಗೆ 12, ಮೈಗೆ 10 ಎನ್ನುವುದು ರೂಢಿ. ಅಂಚಿಗೆ ಒಂದು ಸೀದಾ ಒಂದು ಉಲ್ಟಾ ಹಾಕಿದರೆ ಅದು ಎಳೆದಾಗ ಹಿಗ್ಗಿ, ಬಿಟ್ಟಾಗ ಮೊದಲಿನಂತಾಗಿ ಮಣಿಕಟ್ಟನ್ನು ಹಿಡಿದುಕೊಳ್ಳುತ್ತದೆ. ನನಗೋ, ಮೈಯನ್ನೂ 12ರಲ್ಲೇ ಹೆಣೆಯುವುದು ಇಷ್ಟ. ಬೇಗ ಮುಗಿಯುವುದಿಲ್ಲ.

ಈ ಗುಟ್ಟು ಹೊಸದೇನಲ್ಲ. 1589ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಸೀಮೆಯ ವಿಲಿಯಂ ಲೀ ಎಂಬ ಪಾದ್ರಿ ಕಾಲುಚೀಲ ಹೆಣೆಯುವ ಯಂತ್ರ ಮಾಡಿದ. ಯಾಕೆ ಮಾಡಿದ ಎನ್ನುವುದಕ್ಕೆ ಒಂದು ದಂತಕತೆಯಿದೆ: ಅವನು ಮನಸೋತ ಹುಡುಗಿ, ಇವನು ಹೋದಾಗಲೆಲ್ಲ ತಲೆ ಎತ್ತದೆ ಹೆಣೆಯುತ್ತಲೇ ಇರುತ್ತಿದ್ದಳಂತೆ. ಕತೆ ನಿಜವೋ ಸುಳ್ಳೋ, ಆ ಹುಡುಗಿಯ ಮೇಲೆ ನನಗೆ ಪೂರ್ತಿ ನಂಬಿಕೆಯಿದೆ. ಪಾಪ, ಪಾದ್ರಿಗೆ ಸುಳಿವೇ ಹತ್ತಲಿಲ್ಲ.

ಹೆಣಿಗೆಗೆ ರಜಾ ಅಂತ ಇದ್ದರೆ ಅದು ಅವರೆಕಾಯಿ ಕಾಲದಲ್ಲಿ. ಚಳಿ ಬರುವುದೂ ಅವರೆ ಬರುವುದೂ ಒಟ್ಟೊಟ್ಟಿಗೆ. ಸ್ವೆಟರ್ ಬೇಕಾದ ತಿಂಗಳಲ್ಲೇ ಕೈಗೆ ಬಿಡುವಿಲ್ಲ. ಸೊಗಡಿನ ಕಾಯಿ ಬಿಡಿಸಿದ ಬೆರಳಲ್ಲಿ ಬಿಳಿ ಉಲ್ಲನ್ ಮುಟ್ಟಿದರೆ ಮಗುವಿನ ಕುಲಾವಿ ಅವರೆ ಘಮಲಿನಲ್ಲೇ ಹೋಗಿ ತಲೆ ಸೇರುತ್ತದೆ. ಆದರೆ ನೆನೆಹಾಕಿದ ಕಾಳನ್ನು ಹಿತಕುತ್ತಾ, ರೇಡಿಯೋ ಹಾಕಿಕೊಂಡು, ಪಡಸಾಲೆಯ ಬಿಸಿಲಿಗೆ ಬೆನ್ನು ಕೊಟ್ಟು ಕೂರುವುದಿದೆಯಲ್ಲ, ಅದರ ಮುಂದೆ ಸ್ವೆಟರ್ ಕಾಯಬಹುದು. ಅಲ್ಲಿ ಇರುವ ಕೊರತೆ ಒಂದೇ. ಹಿತಕುವಾಗ ಯಾರು ಬೇಕಾದರೂ ಎಬ್ಬಿಸಬಹುದು.

ಹಳೆಯ ಸ್ವೆಟರ್ ಬಿಚ್ಚಿದಾಗ ಬರುವ ಸುರುಟು ದಾರವನ್ನು ಲಡಿ ಮಾಡಿ, ತೊಳೆದು, ಭಾರ ಕಟ್ಟಿ ನೇತುಹಾಕಿದರೆ ನೆಟ್ಟಗಾಗುತ್ತದೆ. ಅದನ್ನು ಉಂಡೆ ಸುತ್ತುವಾಗ ಎರಡೂ ಕೈ ಚಾಚಿ ಲಡಿ ಹಿಡಿದು ಕೂರುವ ಉದ್ಯೋಗ ನಮ್ಮ ಮನೆಯವರದ್ದು. ನಿವೃತ್ತರಾದ ಮೇಲೆ ಅವರಿಗೆ ಇದರಲ್ಲಿ ಬಡ್ತಿ ಬೇಕೆನಿಸಿದೆ. ಮೊನ್ನೆ, "ಲೇ, ನಂಗೂ ಹೆಣೆಯೋದು ಹೇಳಿಕೊಡೇ" ಅಂದರು. ಇಷ್ಟು ವರ್ಷ ಎದುರಿಗೆ ಕೂತು ನೋಡಿದ್ದಾರೆ, ಸುಳಿವು ಹತ್ತಿರಬೇಕು. ಇಲ್ಲ ಅನ್ನಲಾದೀತೇ? 8ನೇ ನಂಬರಿನ ದಪ್ಪ ಕಡ್ಡಿಯನ್ನೇ ಕೊಟ್ಟಿದ್ದೇನೆ, ಅಗಲವೂ ಇಪ್ಪತ್ತೇ ಕುಣಿಕೆ. ಸಾಲು ಬೇಗ ಮುಗಿಯುತ್ತದೆ, ಎದ್ದು ಕಾಫಿಗೆ ನೀರಿಡಬಹುದು.