ಮಳೆ ನಮಗೇನು ಹೊಸತಾ?

ಕಳಸ, ಮೂಡಿಗೆರೆ ಕಡೆ ಯಾರಿಗಾದರೂ "ಗುಡ್ಡ ಜಾರಬಹುದು, ಮನೆ ಬಿಡಿ" ಅಂದರೆ ಮೊದಲು ಬರುವ ಉತ್ತರ: "ಮಳೆ ನಮಗೇನು ಹೊಸತಾ?" ನಿಜ, ಆಶ್ಲೇಷ ಮಳೆ ನೋಡುತ್ತಲೇ ಬೆಳೆದವರು ನಾವು. ಆದರೆ 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆಯಲ್ಲಿ ಗುಡ್ಡ ಕುಸಿದು ಮನೆ, ತೋಟ ಎರಡೂ ಮಣ್ಣುಪಾಲಾದವು.

ಹೇಳಿದರೂ ಕೇಳದ ಜನ ಎಂದು ಪೇಟೆಯವರು ಬೈಯುತ್ತಾರೆ. ನಮಗೆ ಹಾಗನಿಸುವುದಿಲ್ಲ. ಮನೆ ಬಿಡದವರಿಗೂ ಅವರದೇ ಲೆಕ್ಕವಿದೆ. ಕಾಳಜಿ ಕೇಂದ್ರ ಅಂದರೆ ಹೆಚ್ಚಾಗಿ ಶಾಲೆ. ಅಲ್ಲಿ ಹಸು ಕಟ್ಟುವುದೆಲ್ಲಿ? ಲೈನ್ ಮನೆಯವರಿಗೆ ಹೊರಟರೆ ಕೂಲಿ ಹೋಗುತ್ತದೆ. ಹಕ್ಕುಪತ್ರ ಇಲ್ಲದವರಿಗೆ, ಒಮ್ಮೆ ಬಿಟ್ಟ ಜಾಗಕ್ಕೆ ಮತ್ತೆ ಸೇರಿಸುತ್ತಾರಾ ಎಂಬ ಭಯ.

ರೆಡ್ ಅಲರ್ಟ್ ಅಂದರೆ 24 ಗಂಟೆಯಲ್ಲಿ 20 ಸೆಂ.ಮೀ.ಗಿಂತ ಹೆಚ್ಚು ಮಳೆಯ ಮುನ್ಸೂಚನೆ. ತೋಟದ ಲೆಕ್ಕದಲ್ಲಿ ಸುಮಾರು 8 ಇಂಚು. ಆದರೆ ಅದು ಬರುವುದು ಇಡೀ ಜಿಲ್ಲೆಗೆ. ಬಯಲುಸೀಮೆಯ ಕಡೂರಿಗೂ ಕುದುರೆಮುಖಕ್ಕೂ ಒಂದೇ ಬಣ್ಣ. ನಾಲ್ಕು ಸಲ ಬಂದು ಏನೂ ಆಗದಿದ್ದರೆ, ಐದನೇ ಸಲ ಅದು ಶಾಲೆಗೆ ರಜೆ ಅಷ್ಟೇ.

ಹಾಗಾಗಿ ಅಲರ್ಟ್ ಜೊತೆ ನಿಮ್ಮ ಧರೆಯನ್ನೂ ನೋಡಿ. ನೆಲದಲ್ಲಿ, ಗೋಡೆಯಲ್ಲಿ ಹೊಸ ಬಿರುಕು, ವಾಲುತ್ತಿರುವ ಮರ, ಇಲ್ಲದ ಕಡೆ ಎದ್ದ ಒರತೆ, ಹಳ್ಳದ ನೀರು ದಿಢೀರನೆ ಕೆಂಪಾಗುವುದು ಅಥವಾ ಮಳೆಯಲ್ಲೇ ಕಡಿಮೆಯಾಗುವುದು: ಇದರಲ್ಲಿ ಒಂದು ಕಂಡರೂ ಯಾರೂ ಹೇಳುವವರೆಗೆ ಕಾಯಬೇಡಿ.

ಹೊರಡುವುದಾದರೆ ಹಗಲಲ್ಲೇ ಹೊರಡಿ. ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಯಲ್ಲಿ 2024ರ ಜುಲೈ 30ರಂದು ಗುಡ್ಡ ಬಂದದ್ದು ಬೆಳಗಾಗುವ ಮೊದಲು, ಜನ ಮಲಗಿದ್ದಾಗ. ನಮ್ಮಲ್ಲಿ ಹೆಬ್ಬಾಳೆ ಸೇತುವೆ ಮುಳುಗಿದರೆ ಹೊರನಾಡಿಂದ ಕಳಸಕ್ಕೆ ಬರುವ ನೇರ ದಾರಿಯೇ ಬಂದ್.

ಉಳಿದದ್ದನ್ನು ಮಳೆಗಾಲಕ್ಕೆ ಮೊದಲೇ ತೀರ್ಮಾನಿಸಬೇಕು. ಹಸು ಯಾರ ಕೊಟ್ಟಿಗೆಗೆ? ನಡೆಯಲಾಗದ ಅಜ್ಜಿಯನ್ನು ಕರೆದೊಯ್ಯುವವರು ಯಾರು? ಆಧಾರ್, ಪಹಣಿ, ಪಾಸ್‌ಬುಕ್ ಒಂದೇ ಪ್ಲಾಸ್ಟಿಕ್ ಕವರಿನಲ್ಲಿವೆಯಾ? ತೋಟದ ಮಾಲೀಕರು ಆ ದಿನಗಳ ಕೂಲಿ ಹಿಡಿಯುವುದಿಲ್ಲ ಎಂದು ಮೊದಲೇ ಹೇಳಲಿ. ಮುಂದಿನ ಗ್ರಾಮಸಭೆಯಲ್ಲಿ ನೀವೂ ಎದ್ದು ಕೇಳಿ: ಕಾಳಜಿ ಕೇಂದ್ರದ ಹತ್ತಿರ ದನಕ್ಕೆ ಜಾಗ ಎಲ್ಲಿ? ಬಿಟ್ಟ ಮನೆ ನಮ್ಮದಾಗಿಯೇ ಉಳಿಯುತ್ತದೆ ಎಂದು ಬರೆದು ಕೊಡುವವರು ಯಾರು?