ಪರದೆ ನುಡಿದ ಸಾಕ್ಷಿ

ಮಗಳು ಪಿಯುಸಿಗೆ ಸೇರಿದಾಗ ನನ್ನ ಮೊಬೈಲನ್ನು ಅವಳಿಗೆ ದಾಟಿಸಿ ನಾನೊಂದು ಹೊಸದನ್ನು ಕೊಂಡೆ. ಕೊಡುವಾಗ ಅಪ್ಪಂದಿರು ಹೇಳುವ ಹಿತವಚನಗಳಲ್ಲಿ ಒಂದನ್ನೂ ಬಿಟ್ಟಿರಲಿಲ್ಲ. ತಿಂಗಳೊಳಗೆ ಅವಳು ಬಂದು, "ಅಪ್ಪಾ, ಫಿಸಿಕ್ಸ್ ನೋಟ್ಸ್ ತೆರೆದರೆ ಪಕ್ಕದಲ್ಲಿ ಉದ್ದಕ್ಕೂ ಮಸುಕು ಪಟ್ಟಿ ಕಾಣುತ್ತೆ. ಒರೆಸಿದರೂ ಹೋಗಲ್ಲ" ಎಂದಳು. ನಾನು ಪತ್ರಿಕೆಯಿಂದ ತಲೆಯೆತ್ತದೆ, "ರಾತ್ರಿಯೆಲ್ಲಾ ಗೇಮ್ ಆಡಿದರೆ ಇನ್ನೇನಾಗುತ್ತೆ?" ಎಂದುಬಿಟ್ಟೆ. ಅವಳ ಮುಖ ಸಣ್ಣದಾಯಿತು. ಮಾತಾಡದೆ ಒಳಗೆ ಹೋದಳು.

ಸಂಜೆ ಇಬ್ಬರೂ ರಿಪೇರಿ ಅಂಗಡಿಗೆ ಹೋದೆವು. ಅಲ್ಲಿನ ಹುಡುಗ ಪರದೆಯ ಮೇಲೆ ಬರೀ ಬೂದು ಬಣ್ಣ ತುಂಬಿಸಿ ನೋಡಿ, "ಓಎಲ್‌ಇಡಿ ಸಾರ್, ಬರ್ನ್-ಇನ್ ಆಗಿದೆ" ಎಂದ.

ಹಳೆಯ ಎಲ್‌ಸಿಡಿ ಪರದೆಯಲ್ಲಿ ಎಲ್ಲ ಚುಕ್ಕಿಗಳಿಗೂ ಹಿಂಬದಿಯ ದೀಪವೇ ಬೆಳಕು. ಓಎಲ್‌ಇಡಿಯಲ್ಲಿ ಹಾಗಲ್ಲ, ಲಕ್ಷಾಂತರ ಚುಕ್ಕಿಗಳಲ್ಲಿ ಪ್ರತಿಯೊಂದೂ ತಾನೇ ಬೆಳಗುವ ಪುಟ್ಟ ದೀಪ. ಕಪ್ಪು ಎಂದರೆ ಆ ದೀಪ ಆರಿದೆ ಎಂದರ್ಥ. 1987ರಲ್ಲಿ ಕೊಡಾಕ್ ಕಂಪನಿಯ ಚಿಂಗ್ ಟಾಂಗ್ ಮತ್ತು ಸ್ಟೀವನ್ ವಾನ್ ಸ್ಲೈಕ್ ದಾರಿ ತೋರಿಸಿದ ತಂತ್ರವಿದು. ಇದರಲ್ಲಿ ಬೆಳಕು ಕೊಡುವುದು ಇಂಗಾಲದ ಸಂಯುಕ್ತಗಳು. ಅವು ಉರಿದಷ್ಟೂ ಸವೆಯುತ್ತವೆ, ನೀಲಿಯವು ಎಲ್ಲಕ್ಕಿಂತ ಬೇಗ. ದೇವಸ್ಥಾನದ ಮೆಟ್ಟಿಲು ಜನ ಕಾಲಿಡುವ ನಡುಭಾಗದಲ್ಲೇ ತಗ್ಗಾಗುವಂತೆ, ಒಂದೇ ಚಿತ್ರ ಒಂದೇ ಕಡೆ ಬಹಳ ಕಾಲ ನಿಂತರೆ ಅಲ್ಲಿನ ಚುಕ್ಕಿಗಳು ಹೆಚ್ಚು ಮಂಕಾಗುತ್ತವೆ. ಸವೆದದ್ದು ಮತ್ತೆ ತುಂಬಿಕೊಳ್ಳುವುದಿಲ್ಲ. ಹೊಸ ಪರದೆಯ ಬೆಲೆ ಕೇಳಿ ನಾನು ಪರ್ಸ್ ತೆಗೆಯಲೇ ಇಲ್ಲ.

"ಯಾವುದು ತುಂಬಾ ಹೊತ್ತು ನಿಂತಿತ್ತೋ ಅದರದೇ ಅಚ್ಚು" ಎಂದ ಹುಡುಗ. ಮಗಳು ಮೊಬೈಲನ್ನು ಮೆಲ್ಲಗೆ ಅಡ್ಡಕ್ಕೆ ತಿರುಗಿಸಿ ನನ್ನ ಮುಂದೆ ಹಿಡಿದಳು. ಪಕ್ಕದಲ್ಲಿದ್ದ ಪಟ್ಟಿ ಈಗ ಕೆಳಗೆ ಬಂದಿತ್ತು. ಬಲ ಮೂಲೆಯಲ್ಲಿ ಒಂದು ಚೌಕ. ಅಕ್ಷರ ಓದಬೇಕಾಗಿರಲಿಲ್ಲ. ಅದು ನನ್ನ ನ್ಯೂಸ್ ಚಾನೆಲ್! ಎರಡು ವರ್ಷ, ಊಟದ ತಟ್ಟೆಯ ಮುಂದೆ, ಬಸ್ಸಿನಲ್ಲಿ, ಮಲಗುವ ಮುನ್ನ, ಬೆಳಕನ್ನು ಪೂರ್ತಿ ಏರಿಸಿಟ್ಟು ನೋಡಿದ್ದು ನಾನೇ.

ಇದನ್ನು ತಡೆಯುವುದು ಕಷ್ಟವೇನಲ್ಲ. ಪರದೆಯ ಬೆಳಕನ್ನು ಅಗತ್ಯಕ್ಕೆ ತಕ್ಕಂತೆ ತಾನೇ ಏರಿಳಿಯಲು ಬಿಡಬೇಕು. ಬಳಸದಿದ್ದಾಗ 30 ಸೆಕೆಂಡಿಗೆ ಆರುವಂತೆ ಇಡಬೇಕು. ಓದುವಾಗ ಟೈಮರನ್ನು ಗಂಟೆಗಟ್ಟಲೆ ಪರದೆಯ ಮೇಲೆ ಉರಿಸುವ ವಿದ್ಯಾರ್ಥಿಗಳಿಗೆ ಗೋಡೆ ಗಡಿಯಾರವೇ ಮೇಲು. ಡಾರ್ಕ್ ಮೋಡ್ ಹಾಕಿದರೆ ಕಪ್ಪು ಭಾಗದ ದೀಪಗಳಿಗೆ ಬಿಡುವು. ಕೆಳಗಿನ ಮೂರು ಬಟನ್‌ಗಳ ಬದಲು ಬೆರಳು ಸರಿಸುವ ವಿಧಾನ ಆರಿಸಿಕೊಂಡರೆ ಅಲ್ಲಿ ಅಚ್ಚು ಮೂಡುವ ಭಯವಿಲ್ಲ. ಶಾಖವೂ ಸವೆತ ಹೆಚ್ಚಿಸುವುದರಿಂದ ಬಿಸಿಲಿನಲ್ಲಿ ಇಡಬಾರದು, ಚಾರ್ಜಿಗೆ ಹಾಕಿ ವಿಡಿಯೋ ನೋಡುತ್ತಾ ಕೂರಬಾರದು.

ಮನೆಗೆ ಬರುವ ದಾರಿಯಲ್ಲಿ, "ತಪ್ಪು ನಂದೇ ಕಣಮ್ಮಾ, ಸುಮ್ಮನೆ ನಿನ್ನ ಮೇಲೆ ಹಾಕಿಬಿಟ್ಟೆ" ಎಂದೆ. ಅವಳು ನಕ್ಕಳು. ಹೊಸ ಮೊಬೈಲನ್ನು ಅವಳಿಗೆ ಕೊಟ್ಟು ಹಳೆಯದನ್ನು ನಾನೇ ಇಟ್ಟುಕೊಂಡೆ. ಈಗ ಯಾವ ಪುಟ ತೆರೆದರೂ ಆ ಪಟ್ಟಿ ಇದ್ದೇ ಇರುತ್ತದೆ.

ಹಿತವಚನ ಮಾತ್ರ ಈ ಸಲ ಅವಳೇ ಹೇಳಿದಳು. ಒಂದನ್ನೂ ಬಿಡಲಿಲ್ಲ.