ಉಣ್ಣದ ಮಗು ಹಟಮಾರಿಯೇ?

ಸಂಜೆಯಾದರೆ ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಅಜ್ಜಿಯರು ತಟ್ಟೆ ಹಿಡಿದು ಕಟ್ಟೆಗೆ ಬರುತ್ತಾರೆ. 'ಒಂದ್ ತುತ್ತು ಉಣ್ಣಪ್ಪ, ನನ್ನ ರಾಜಾ' ಎಂದು ರಮಿಸುತ್ತಾರೆ. ಚಂದಮಾಮನನ್ನು ತೋರಿಸಿದ್ದಾಯಿತು, ಗುಮ್ಮನನ್ನು ಕರೆದದ್ದಾಯಿತು, ಈಗ ಮೊಬೈಲೂ ಬಂದಿದೆ. ಮೊಮ್ಮಗ ಮಾತ್ರ ಬಾಯಿ ಬಿಗಿಹಿಡಿದು ಕೂತಿರುತ್ತಾನೆ. 'ಬರೀ ಹಟ' ಎಂದು ಅಪ್ಪ ತೀರ್ಪು ಕೊಡುತ್ತಾನೆ.

ನಿಜಕ್ಕೂ ಹಟವೇ? ಸ್ವಲ್ಪ ಲೆಕ್ಕ ಮಾಡಿ ನೋಡಿ. ಹುಟ್ಟಿದಾಗ 3 ಕಿಲೊ ಇದ್ದ ಮಗು ವರ್ಷ ತುಂಬುವಾಗ ಸುಮಾರು 9 ಕಿಲೊ ತೂಗುತ್ತದೆ. ಎರಡನೆಯ ವರ್ಷದಲ್ಲಿ ಏರುವುದು ಎರಡು, ಎರಡೂವರೆ ಕಿಲೊ ಮಾತ್ರ. ಬೆಳೆಯುವ ವೇಗ ತಗ್ಗಿದಂತೆ ಹಸಿವೂ ತಗ್ಗುತ್ತದೆ. ಲವಲವಿಕೆಯಿಂದಿದ್ದು, ತೂಕವೂ ಸರಿಯಾಗಿ ಏರುತ್ತಿದ್ದರೆ ಎರಡು ತುತ್ತು ಬಿಟ್ಟಿತೆಂದು ಗಾಬರಿ ಬೇಡ. ಊಟಕ್ಕೆ ಮುಂಚೆಯೇ ದೊಡ್ಡ ಲೋಟದ ಹಾಲು, ಬಿಸ್ಕತ್ತು ಒಳಗೆ ಹೋಗಿದ್ದರೆ ಅನ್ನಕ್ಕೆ ಜಾಗವಾದರೂ ಎಲ್ಲಿ?

ಆದರೆ ಎಲ್ಲ ಮಕ್ಕಳ ವಿಷಯ ಇಷ್ಟು ಸುಲಭವಲ್ಲ. ಒಂದು ತುತ್ತು ನುಂಗಲು ಸುಮಾರು 25 ಜೋಡಿ ಸ್ನಾಯುಗಳು ಹೊಂದಿಕೊಂಡು ಕೆಲಸ ಮಾಡಬೇಕು. ಆ ಕ್ಷಣದಲ್ಲಿ ಶ್ವಾಸನಾಳದ ಬಾಗಿಲು ಮುಚ್ಚಿರಬೇಕು. ಅವಧಿಗೆ ಮುನ್ನ ಹುಟ್ಟಿದವರು, ಸೀಳು ಅಂಗುಳಿನವರು, ಸೆರೆಬ್ರಲ್ ಪಾಲ್ಸಿ ಇರುವವರು ಇಲ್ಲಿಯೇ ಎಡವಬಹುದು. ಆಟಿಸಂ ಇರುವ ಕೆಲ ಮಕ್ಕಳಿಗೆ ಆಹಾರದ ವಾಸನೆ, ಬಣ್ಣ, ಮುಟ್ಟಿದಾಗಿನ ಜಿಗುಟೇ ಸಹಿಸಲಾಗದ ಹಿಂಸೆ. ಇಂಥ ಮಗುವಿನ ಮೂಗು ಹಿಡಿದು ಒಳಲೆಯಿಂದ ಸುರಿದರೆ, ಅಳುವ ಬಾಯಿಂದ ಆಹಾರ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆದೀತು.

ಅಗಿಯುವುದೂ ಕಲಿತು ಬರುವ ವಿದ್ಯೆಯೇ. ಆರು ತಿಂಗಳ ನಂತರ ಮೆತ್ತಗಿನ ಆಹಾರ ಕೊಟ್ಟು, ಒಂಬತ್ತು ಹತ್ತು ತಿಂಗಳ ಹೊತ್ತಿಗೆ ಸಣ್ಣ ಗಂಟುಗಳಿರುವ ಊಟ ರೂಢಿ ಮಾಡಿಸಬೇಕು. 'ಗಂಟಲಿಗೆ ಸಿಕ್ಕೀತು' ಎಂಬ ಭಯದಿಂದ ಮೂರು ವರ್ಷದವರೆಗೂ ಎಲ್ಲವನ್ನೂ ಮಿಕ್ಸಿಗೆ ಹಾಕುವ ಮನೆಗಳುಂಟು. ಅಂಥ ಮಗುವಿನ ಮುಂದೆ ಒಮ್ಮೆಲೇ ರೊಟ್ಟಿ ಇಟ್ಟರೆ ಅದು ಓಕರಿಸದೆ ಇನ್ನೇನು ಮಾಡೀತು?

ಇಲ್ಲಿಯೇ ಫೀಡಿಂಗ್ ಥೆರಪಿಯ, ಅಂದರೆ ಉಣ್ಣಲು ಕಲಿಸುವ ಚಿಕಿತ್ಸೆಯ ಕೆಲಸ. ಇದರಲ್ಲಿ ಟಾನಿಕ್ಕಿಗಿಂತ ತಾಳ್ಮೆ ಹೆಚ್ಚು ಬೇಕು. ಬೆನ್ನಿಗೂ ಪಾದಕ್ಕೂ ಆಸರೆ ಕೊಟ್ಟು ಮಗುವನ್ನು ನೇರವಾಗಿ ಕೂರಿಸುತ್ತಾರೆ. ನುಣ್ಣಗಿನ ಗಂಜಿಯಿಂದ ಕಿವುಚಿದ ಅನ್ನಕ್ಕೆ, ಅಲ್ಲಿಂದ ಹಾಲಲ್ಲಿ ನೆನೆಸಿದ ಜೋಳದ ರೊಟ್ಟಿಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸಬಹುದು. ಹೊಸ ತಿನಿಸನ್ನು ಮೊದಲು ಮುಟ್ಟಲಿ, ಮೂಸಲಿ, ನೆಕ್ಕಲಿ, ನುಂಗುವುದು ಆಮೇಲೆ. ಒಂದು ರುಚಿ ಒಗ್ಗಲು ಹತ್ತು ಹದಿನೈದು ಸಲ ಬೇಕಾದೀತು. ಎರಡನೆಯ ಸಲಕ್ಕೇ ಕೈಬಿಡುವವರು ನಾವೇ. ಏನು, ಯಾವಾಗ ಬಡಿಸಬೇಕೆಂಬುದು ಹಿರಿಯರಿಗೆ ಬಿಟ್ಟದ್ದು. ಎಷ್ಟು ಉಣ್ಣಬೇಕೆಂಬುದು ಮಗುವಿಗೆ ಬಿಟ್ಟದ್ದು.

ಊಟದ ಹೊತ್ತಿಗೆ ಪದೇ ಪದೇ ಕೆಮ್ಮು, ಉಸಿರು ಕಟ್ಟುವುದು, ಊಟಕ್ಕೆ ಅರ್ಧ ಗಂಟೆಗೂ ಮೀರಿದ ಹೆಣಗಾಟ, ನಿಂತುಹೋದ ತೂಕ, ಮತ್ತೆ ಮತ್ತೆ ನ್ಯುಮೋನಿಯಾ — ಇವುಗಳಲ್ಲಿ ಒಂದು ಕಂಡರೂ ಮಕ್ಕಳ ವೈದ್ಯರಿಗೆ ತೋರಿಸಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳ ಮಕ್ಕಳಿಗೆ ಉಚಿತ ತಪಾಸಣೆಯಿದೆ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ನುಂಗುವ ತೊಂದರೆಗಳಿಗೂ ಚಿಕಿತ್ಸೆ ಸಿಗುತ್ತದೆ. ಮಾತಾಡಲು ಬೇಕಾದ ನಾಲಿಗೆ, ತುಟಿಗಳೇ ಉಣ್ಣಲೂ ಬೇಕಲ್ಲವೇ?

ಇಂಥ ತಮ್ಮನೋ ತಂಗಿಯೋ ಮನೆಯಲ್ಲಿದ್ದರೆ ವಿದ್ಯಾರ್ಥಿಗಳಿಗೂ ಒಂದು ಕೆಲಸವಿದೆ. ಅಣಕಿಸಬೇಡಿ, ಒತ್ತಾಯಿಸಬೇಡಿ. ಪಕ್ಕದಲ್ಲಿ ಕೂತು ನಿಮ್ಮ ರೊಟ್ಟಿ ನೀವು ತಿನ್ನಿ. ಮಕ್ಕಳು ಹೇಳಿದ್ದಕ್ಕಿಂತ ಕಂಡದ್ದನ್ನು ಬೇಗ ಕಲಿಯುತ್ತಾರೆ.